ಕತ್ತಲ ಕಂಬ ಮತ್ತು ಕ್ಯಾಮೆರಾದ ಕಡತ

ದಾವಣಗೆರೆಯಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಹರಿಹರ. ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡವರಿಗೆ ಅಲ್ಲಿನ ಹರಿಹರೇಶ್ವರ ದೇಗುಲ ಒಳ್ಳೆಯ ಪರೀಕ್ಷೆ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯದು. ಹೊರಗೆ ಉರಿಬಿಸಿಲು, ಮಂಟಪದ ಕಂಬಗಳ ನಡುವೆ ಕತ್ತಲು. ಬಿಸಿಲಿಗೆ ಹೊಂದಿಸಿದರೆ ಕಂಬ ಕಪ್ಪು. ಕಂಬಕ್ಕೆ ಹೊಂದಿಸಿದರೆ ಆಕಾಶ ಬರೀ ಬಿಳಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳಬಹುದೆ? ಅದು ಚಿತ್ರ ಯಾವ ಬಗೆಯ ಕಡತದಲ್ಲಿದೆ ಎಂಬುದರ ಮೇಲೆ ನಿಂತಿದೆ.

1992ರಲ್ಲಿ ಮಾನಕವಾದ ‘ಜೆಪೆಗ್’ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕೈಬಿಡುತ್ತದೆ. ಹಾಗಾಗಿ ಕಡತ ಚಿಕ್ಕದು. ಆದರೆ ಒಂದೊಂದು ಮೂಲಬಣ್ಣಕ್ಕೆ ಸಿಗುವುದು 256 ಮಟ್ಟಗಳು ಮಾತ್ರ. ಕ್ಯಾಮೆರಾದ ಸಂವೇದಕ ಕಂಡದ್ದನ್ನು ಹೆಚ್ಚುಕಡಿಮೆ ಹಾಗೆಯೇ ದಾಖಲಿಸುವುದು ‘ರಾ’ ಕಡತ. 14 ಬಿಟ್ಟಿನ ಕ್ಯಾಮೆರಾದಲ್ಲಿ ಅದಕ್ಕೆ 16,384 ಮಟ್ಟಗಳು. ಕತ್ತಲಲ್ಲಿ ಅಡಗಿದ ಕೆತ್ತನೆಯನ್ನು ಹೊರತರಲು ಈ ಸಂಗ್ರಹ ಬೇಕು. ಆದರೆ ‘ರಾ’ ಎಂದರೆ ಅಕ್ಕಿ; ಅನ್ನ ಮಾಡಿಯೇ ಬಡಿಸಬೇಕು. ಕಾರ್ಡಿನಲ್ಲಿ ಜಾಗವನ್ನೂ ಹೆಚ್ಚು ತಿನ್ನುತ್ತದೆ.

ಮನೆಮಂದಿಯ ಚಿತ್ರಕ್ಕೆ, ಸ್ಟುಡಿಯೊದಲ್ಲಿ ಮುದ್ರಿಸುವುದಕ್ಕೆ ಉತ್ತಮ ಗುಣಮಟ್ಟದ ಜೆಪೆಗ್ ಸಾಕು. ಅಕ್ಷರ, ರೇಖಾಚಿತ್ರಗಳಿಗೆ ಏನನ್ನೂ ಕಳೆಯದ ‘ಪಿಎನ್‌ಜಿ’ ಲೇಸು. ಜೆಪೆಗ್ ಚಿತ್ರವನ್ನು ತೆರೆದು ನೋಡಿದರೆ ಸವೆಯದು. ತಿದ್ದಿ ಮತ್ತೆ ಮತ್ತೆ ಉಳಿಸಿದರೆ ಸವೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ತಲುಪುತ್ತದೆ.

ಕಳೆದುಹೋದ ವಿವರವನ್ನು ಯಾವ ತಂತ್ರಾಂಶವೂ ಇದ್ದಂತೆ ಮರಳಿ ತಾರದು. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಬೇರೆಡೆ ಎತ್ತಿಡಿ. ತಿದ್ದುವುದೆಲ್ಲ ನಕಲಿನ ಮೇಲಿರಲಿ.