ಹಂಚಿ ತಿನ್ನುವ ಮೇಜಿನಲ್ಲಿ ಕೇಳಬೇಕಾದ ಪ್ರಶ್ನೆ

ಮಣಿಪಾಲದಲ್ಲಿ ಓದುವ ಮಕ್ಕಳನ್ನು ನೋಡಲು ಹೋದ ತಂದೆ ತಾಯಿಯನ್ನು ಈಗ ಮಕ್ಕಳೇ ಥಾಯ್, ಮಲೇಷ್ಯಾ ಶೈಲಿಯ ಊಟಕ್ಕೆ ಕರೆದೊಯ್ಯುತ್ತಾರೆ. ನಾಲ್ಕೈದು ಬಗೆ ತರಿಸಿ ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ತಿನ್ನುವುದು ಅಲ್ಲಿನ ಪದ್ಧತಿ. ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಉಂಡು ಬೆಳೆದ ನಮಗೆ ಇದೇನೂ ಹೊಸತಲ್ಲ. ಆದರೆ ನಮ್ಮ ಬಿರಿಯಾನಿಗೆ ಏನೇನು ಹಾಕಿದ್ದಾರೆಂದು ನಮಗೆ ಗೊತ್ತಿರುತ್ತದೆ. ಅಲ್ಲಿ ಗೊತ್ತಿರುವುದಿಲ್ಲ.

ಕಾರ್ಕಳ ಕಡೆಯ ತಾಯಿಯೊಬ್ಬರು ಹನ್ನೊಂದರ ಮಗನನ್ನು ನನ್ನ ಬಳಿ ಕರೆತಂದಿದ್ದರು. ಹಿಂದಿನ ರಾತ್ರಿ ಇಂಥದ್ದೇ ಊಟ. ಬೆಳಿಗ್ಗೆಯೂ ತುಟಿಯ ಊತ ಇಳಿದಿರಲಿಲ್ಲ, ಮೈತುಂಬ ಪಿತ್ತದ ಗಂಧೆ. "ಸಿಗಡಿ ಇವನಿಗೆ ಆಗುವುದಿಲ್ಲ ಡಾಕ್ಟ್ರೇ, ಅದನ್ನು ಮುಟ್ಟಲೇ ಇಲ್ಲ. ಪಪ್ಪಾಯಿ ಕಾಯಿಯ ಸಲಾಡ್ ತಿಂದದ್ದು ಅಷ್ಟೆ" ಎಂದರು. ಥಾಯ್ ಪಪ್ಪಾಯಿ ಸಲಾಡಿಗೆ ಸಾಮಾನ್ಯವಾಗಿ ಒಣ ಸಿಗಡಿಯನ್ನೂ ನೆಲಗಡಲೆಯನ್ನೂ ಹಾಕುತ್ತಾರೆ. ಹಾಕದಿದ್ದರೂ, ಸಿಗಡಿಯ ಬಟ್ಟಲಿಗೆ ಅದ್ದಿದ ಚಮಚವನ್ನೇ ಇನ್ನೊಂದಕ್ಕೆ ಹಾಕಿದರೆ ಅಲರ್ಜಿ ಇರುವವರಿಗೆ ಅಷ್ಟೇ ಸಾಕು.

ಆದ್ದರಿಂದ ಊಟ ಹೇಳುವಾಗಲೇ ಕೇಳಿ: ಸಿಗಡಿ, ನೆಲಗಡಲೆ, ಮೀನಿನ ಸಾಸ್ ಯಾವುದರಲ್ಲಿದೆ? ಅದೇ ಉಸಿರಿನಲ್ಲಿ ಹಲಾಲ್ ವಿಷಯವನ್ನೂ ಕೇಳಿಬಿಡಿ. ಕೋಳಿ ಹಲಾಲ್ ಎಂದರಷ್ಟೇ ಸಾಲದು; ಸಾಸಿಗೆ ಅಕ್ಕಿಯ ಮದ್ಯ ಬಳಸುತ್ತಾರೆಯೇ, ಹಂದಿಮಾಂಸ ಹುರಿದ ಬಾಣಲೆ, ಎಣ್ಣೆ ಬೇರೆಯೇ ಎಂದು ಕೇಳಬೇಕು. ಸಂಕೋಚ ಬೇಡ. ಒಳ್ಳೆಯ ಅಡುಗೆಯವರು ಇದಕ್ಕೆ ಬೇಸರಪಡುವುದಿಲ್ಲ.

ಪ್ರತಿ ಬಟ್ಟಲಿಗೂ ಬೇರೆ ಬಡಿಸುವ ಚಮಚ ಇರಲಿ. ಬಾಯಿಗಿಟ್ಟ ಚಮಚ ಮತ್ತೆ ಬಟ್ಟಲಿಗೆ ಹೋದರೆ ಎಂಜಲಿನ ಜೊತೆ ಶೀತ, ಗಂಟಲು ನೋವುಗಳೂ ಹಂಚಿಕೆಯಾಗುತ್ತವೆ. ತಟ್ಟೆಯ ತುಂಬ ಕೈಯಾಡಿಸುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮಾರಿಗೆ ಪ್ರವಾದಿ(ಸ)ಯವರು ತನ್ನ ಮುಂದಿನ ಭಾಗದಿಂದ ತಿನ್ನಲು ಕಲಿಸಿದ್ದನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಹೋಟೆಲಿನಲ್ಲಿ ಮಾತ್ರ ಮರೆಯುತ್ತೇವೆ.

ರಕ್ತದೊತ್ತಡ ಇರುವ ಹಿರಿಯರು ಉಪ್ಪಿನ ಮೇಲೆ ಕಣ್ಣಿಡಲಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಎರಡು ಗ್ರಾಮಿಗಿಂತ ಹೆಚ್ಚು ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇಡೀ ದಿನಕ್ಕೆ 5 ಗ್ರಾಂ. ಸಕ್ಕರೆ ಕಾಯಿಲೆಯವರು ತಿನ್ನುವಷ್ಟನ್ನು ಮೊದಲೇ ತಮ್ಮ ತಟ್ಟೆಗೆ ಹಾಕಿಕೊಳ್ಳುವುದು ಒಳ್ಳೆಯದು. ನಡುವಿನ ಬಟ್ಟಲಿನಿಂದ ತುತ್ತು ತುತ್ತಾಗಿ ತೆಗೆದರೆ ಎಷ್ಟು ತಿಂದೆವೆಂಬ ಲೆಕ್ಕ ಸಿಗದು. ಹಾಗೆಂದು ಆ ಅಡುಗೆಯೆಲ್ಲ ಕೆಟ್ಟದ್ದಲ್ಲ. ಥಾಯ್ ಸೂಪಿಗೆ ಹಾಕುವ ಶುಂಠಿಯಂಥ ಗೆಡ್ಡೆ ನಮ್ಮ ಯುನಾನಿಯ ಖೂಲಂಜಾನಿನ ಬಳಗದ್ದೇ. ಉಷ್ಣ, ಶುಷ್ಕ ಗುಣದ್ದು, ಹೊಟ್ಟೆಗೆ ಹಿತ.

ಆ ಹುಡುಗ ಈಗ ಚೆನ್ನಾಗಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಆದರೆ ಅವನನ್ನು ಬೆಳಿಗ್ಗೆ ನನ್ನ ಬಳಿಗಲ್ಲ, ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕಿತ್ತು. ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ ಊದಿದರೆ, ದನಿ ಬದಲಾದರೆ, ಉಸಿರು ಕಟ್ಟಿದರೆ, ತಲೆಸುತ್ತಿದರೆ 108ಕ್ಕೆ ಕರೆ ಮಾಡಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ಅದಕ್ಕೆ ಬದಲಾಗುವ ಮದ್ದು ನನ್ನ ಕಪಾಟಿನಲ್ಲಿಲ್ಲ.