ಮೊಡವೆ ಕಲೆ ನಿವಾರಣೆಗೆ ಮನೆಯಲ್ಲಿ ಕೆಮಿಕಲ್ ಪೀಲ್ ಬಳಕೆ: ಸಾರ್ವಜನಿಕರಿಗೆ ಮಾಹಿತಿ

ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಮೊಡವೆಗಳು ಬಹುತೇಕರಲ್ಲಿ ಕೆಲವು ವರ್ಷಗಳಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ಆದರೆ ಅವು ಬಿಟ್ಟುಹೋಗುವ ಕಪ್ಪು ಕಲೆಗಳು ತಿಂಗಳುಗಟ್ಟಲೆ ಮುಖದ ಮೇಲೆ ಉಳಿಯುತ್ತವೆ. ಇವುಗಳನ್ನು ಬೇಗ ಹೋಗಲಾಡಿಸುವ ಆತುರದಲ್ಲಿ ಅನೇಕ ಯುವಕ ಯುವತಿಯರು ಕೆಮಿಕಲ್ ಪೀಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಆಮ್ಲ ದ್ರಾವಣಗಳನ್ನು ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿಕೊಂಡು, ವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿಯೇ ಹಚ್ಚಿಕೊಳ್ಳುತ್ತಿದ್ದಾರೆ.

ವಿಜಯಪುರ ಜಿಲ್ಲೆಯ ಚಡಚಣ ಜವಳಿ ವ್ಯಾಪಾರಕ್ಕೆ ಹೆಸರಾದ ಊರು. ಮದುವೆಯ ಜವಳಿ ತೆಗೆಯಲು ಸುತ್ತಲಿನ ತಾಲ್ಲೂಕುಗಳಿಂದಲೂ ಭೀಮಾ ನದಿಯಾಚೆಯ ಊರುಗಳಿಂದಲೂ ಕುಟುಂಬಗಳು ಇಲ್ಲಿಗೆ ಬರುತ್ತವೆ. ಜವಳಿ ತೆಗೆದ ದಿನದಿಂದ ಅಕ್ಕಿಕಾಳು ಬೀಳುವ ದಿನದವರೆಗೆ ಸಾಮಾನ್ಯವಾಗಿ ಕೆಲವೇ ವಾರಗಳಿರುತ್ತವೆ. ಅಷ್ಟರೊಳಗೆ ಮುಖ ತಿಳಿಯಾಗಬೇಕೆಂಬ ಒತ್ತಡ ವಧುವಿನ ಮೇಲೆ ಹೆಚ್ಚು, ವರನ ಮೇಲೆಯೂ ಇಲ್ಲದಿಲ್ಲ. ಚರ್ಮದ ಹೊರಪದರವು ಒಮ್ಮೆ ಹೊಸದಾಗಲು ಸುಮಾರು 4 ವಾರಗಳು ಬೇಕು. ಈ ಅವಧಿಯಲ್ಲಿ ಒಮ್ಮೆ ಚರ್ಮ ಸುಟ್ಟರೆ ಅದನ್ನು ಸರಿಪಡಿಸಿಕೊಳ್ಳಲು ಕಾಲಾವಕಾಶವೇ ಉಳಿಯುವುದಿಲ್ಲ. ಈ ಕಾರಣದಿಂದ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಕಲೆ ಬೇರೆ, ಗುಳಿ ಬೇರೆ

ಮೊಡವೆಯ ನಂತರ ಉಳಿಯುವ ಗುರುತುಗಳೆಲ್ಲವೂ ಒಂದೇ ಬಗೆಯವಲ್ಲ. ಮೊಡವೆಯ ಉರಿಯೂತದಿಂದ ಕೆರಳಿದ ಜೀವಕೋಶಗಳು ಮೆಲನಿನ್ ಎಂಬ ವರ್ಣದ್ರವ್ಯವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಉತ್ಪಾದಿಸಿದಾಗ ಕಂದು ಅಥವಾ ಕಪ್ಪು ಕಲೆ ಉಂಟಾಗುತ್ತದೆ. ವರ್ಣದ್ರವ್ಯ ಹೊರಪದರದಲ್ಲಿದ್ದರೆ ಕಲೆ ಕಂದಾಗಿರುತ್ತದೆ ಮತ್ತು ಕೆಲವು ತಿಂಗಳುಗಳಲ್ಲಿ ಮಾಸುತ್ತದೆ. ಅದು ಒಳಪದರಕ್ಕೆ ಇಳಿದಿದ್ದರೆ ಬೂದು ಅಥವಾ ನೀಲಿ ಛಾಯೆಯಲ್ಲಿ ಕಂಡು, ಮಾಸಲು ವರ್ಷಗಳೇ ಹಿಡಿಯಬಹುದು. ಕೆಂಪು ಗುರುತುಗಳು ಹಿಗ್ಗಿದ ಸಣ್ಣ ರಕ್ತನಾಳಗಳಿಂದ ಆಗುವಂಥವು. ಇನ್ನು ಚರ್ಮದಲ್ಲಿ ತಗ್ಗು ಬಿದ್ದಿದ್ದರೆ ಅದು ಕಲೆಯಲ್ಲ, ಗಾಯದ ಗುಳಿ.

ಮನೆಯಲ್ಲಿ ಸುರಕ್ಷಿತವಾಗಿ ಬಳಸಬಹುದಾದ ಸೌಮ್ಯ ಆಮ್ಲಗಳು ತಲುಪುವುದು ಹೊರಪದರವನ್ನು ಮಾತ್ರ. ಆದ್ದರಿಂದ ಅವುಗಳಿಂದ ಸ್ವಲ್ಪಮಟ್ಟಿನ ಪ್ರಯೋಜನ ಸಿಗುವುದು ಕಂದು ಕಲೆಗಳಿಗಷ್ಟೆ. ಕೆಂಪು ಗುರುತು, ಬೂದು ಕಲೆ ಹಾಗೂ ಗುಳಿಗಳಿಗೆ ಎಷ್ಟು ಸಲ ಹಚ್ಚಿದರೂ ಫಲವಿಲ್ಲ. ಫಲ ಕಾಣದೆ ಬೇಸತ್ತವರು ಮತ್ತಷ್ಟು ಪ್ರಬಲವಾದ ಬಾಟಲಿಯನ್ನು ತರಿಸುತ್ತಾರೆ; ಅಪಾಯ ಆರಂಭವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಕನ್ನಡಿಯೆದುರು ಕುಳಿತು ಗುರುತು ಯಾವ ಬಗೆಯದೆಂದು ನಿರ್ಧರಿಸುವುದು ಸುಲಭವಲ್ಲವಾದ್ದರಿಂದ, ಮೊದಲು ವೈದ್ಯರಿಗೆ ತೋರಿಸುವುದು ಸೂಕ್ತ.

ಪೀಲ್ ಹೇಗೆ ಕೆಲಸ ಮಾಡುತ್ತದೆ

ಆಮ್ಲವನ್ನು ಹಚ್ಚಿ ಚರ್ಮದ ಮೇಲ್ಪದರವನ್ನು ಕಳಚುವ ವಿಧಾನ ಹೊಸದೇನಲ್ಲ. ಜರ್ಮನಿಯ ಚರ್ಮರೋಗ ವೈದ್ಯ ಪಾಲ್ ಉನ್ನಾ ಅವರು 1882ರಲ್ಲಿಯೇ ಸ್ಯಾಲಿಸಿಲಿಕ್ ಆಮ್ಲ, ಟ್ರೈಕ್ಲೋರೋಅಸಿಟಿಕ್ ಆಮ್ಲ, ಫೀನಾಲ್ ಮುಂತಾದವುಗಳ ಬಳಕೆಯನ್ನು ವಿವರಿಸಿದ್ದರು. ಕಬ್ಬಿನಲ್ಲಿಯೂ ಇರುವ ಗ್ಲೈಕೋಲಿಕ್ ಆಮ್ಲ, ಹಾಲು ಹುಳಿಯುವಾಗ ಉಂಟಾಗುವ ಲ್ಯಾಕ್ಟಿಕ್ ಆಮ್ಲ, ಮ್ಯಾಂಡೆಲಿಕ್ ಆಮ್ಲ ಮುಂತಾದವು ಸೌಮ್ಯ ವರ್ಗಕ್ಕೆ ಸೇರುತ್ತವೆ. ಇವು ಸತ್ತ ಜೀವಕೋಶಗಳ ನಡುವಿನ ಬೆಸುಗೆಯನ್ನು ಸಡಿಲಗೊಳಿಸಿ, ವರ್ಣದ್ರವ್ಯ ತುಂಬಿದ ಕೋಶಗಳು ಬೇಗ ಉದುರುವಂತೆ ಮಾಡುತ್ತವೆ.

ಬಾಟಲಿಯ ಮೇಲೆ ಮುದ್ರಿತವಾದ ಶೇಕಡಾ ಪ್ರಮಾಣವನ್ನು ನೋಡಿ ಅದರ ಶಕ್ತಿಯನ್ನು ಅಳೆಯುವುದು ವಾಡಿಕೆ. ಇದು ಅರ್ಧ ಸತ್ಯ ಮಾತ್ರ. ದ್ರಾವಣದ ಹುಳಿಯ ಮಟ್ಟವನ್ನು ಸೂಚಿಸುವ ಪಿಎಚ್ ಅಂಕಿಯೂ ಅಷ್ಟೇ ಮುಖ್ಯ. ಗ್ಲೈಕೋಲಿಕ್ ಆಮ್ಲದ ದ್ರಾವಣದ ಪಿಎಚ್ ಸುಮಾರು 3.8 ಇದ್ದರೆ, ಅದರಲ್ಲಿರುವ ಆಮ್ಲದ ಅರ್ಧಭಾಗ ಮಾತ್ರ ಚರ್ಮದೊಳಗೆ ಸುಲಭವಾಗಿ ಇಳಿಯಬಲ್ಲ ಮುಕ್ತ ರೂಪದಲ್ಲಿರುತ್ತದೆ. ಪಿಎಚ್ 2ಕ್ಕೆ ಇಳಿದರೆ ಹೆಚ್ಚು ಕಡಿಮೆ ಪೂರ್ತಿ ಆಮ್ಲವೂ ಮುಕ್ತವಾಗುತ್ತದೆ. ಹೀಗಾಗಿ ಶೇ. 10 ಎಂದೇ ಬರೆದಿರುವ ಎರಡು ಬಾಟಲಿಗಳ ಪೈಕಿ ಒಂದು ತುಸು ಚುರುಗುಟ್ಟಿಸಿ ಸುಮ್ಮನಾಗಬಹುದು, ಇನ್ನೊಂದು ಸುಡಬಹುದು. ಮಾರಾಟಕ್ಕಿರುವ ಅನೇಕ ಬಾಟಲಿಗಳ ಮೇಲೆ ಪಿಎಚ್ ಅಂಕಿಯೇ ಇರುವುದಿಲ್ಲ. ಅಮೆರಿಕದ ಸೌಂದರ್ಯವರ್ಧಕ ಘಟಕಗಳ ಪರಿಶೀಲನಾ ತಜ್ಞ ಸಮಿತಿಯು, ಬಳಕೆದಾರರು ತಾವೇ ಹಚ್ಚಿಕೊಳ್ಳುವ ಉತ್ಪನ್ನಗಳಲ್ಲಿ ಈ ವರ್ಗದ ಆಮ್ಲಗಳು ಶೇ. 10ನ್ನು ಮೀರಬಾರದು ಹಾಗೂ ಪಿಎಚ್ 3.5ಕ್ಕಿಂತ ಕಡಿಮೆಯಿರಬಾರದು ಎಂಬ ಮಿತಿಯನ್ನು ಸೂಚಿಸಿದೆ.

ಟ್ರೈಕ್ಲೋರೋಅಸಿಟಿಕ್ ಆಮ್ಲದ ವಿಚಾರವೇ ಬೇರೆ. ಇದು ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ಹಚ್ಚಿದ ಜಾಗ ಬೆಳ್ಳಗೆ ಮಂಜು ಕವಿದಂತಾದ ಮೇಲೆ ನೀರಿನಿಂದ ತೊಳೆದರೂ ಆಗಿರುವ ಹಾನಿಯನ್ನು ಹಿಂದೆಗೆಯಲಾಗದು. ಗುಳಿಗಳಿಗೆ ಇದೇ ಆಮ್ಲದ ಪ್ರಬಲ ದ್ರಾವಣವನ್ನು ವೈದ್ಯರು ಬಳಸುವುದುಂಟು. 2002ರಲ್ಲಿ ಕೊರಿಯಾದ ವೈದ್ಯರು ಪ್ರಕಟಿಸಿದ ವಿಧಾನದಲ್ಲಿ, ಮೊನಚಾದ ಕಡ್ಡಿಯಿಂದ ಗುಳಿಯ ತಳಕ್ಕೆ ಮಾತ್ರ ಅದನ್ನು ಮುಟ್ಟಿಸಲಾಗುತ್ತದೆ. ಇದನ್ನು ಅರೆಬರೆ ತಿಳಿದವರು ಅದೇ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಇಡೀ ಕೆನ್ನೆಗೆ ಸವರಿಕೊಂಡರೆ ಶಾಶ್ವತ ಗಾಯದ ಗುರುತುಗಳಾಗುವ ಸಂಭವವಿದೆ. ಫೀನಾಲ್ ದ್ರಾವಣವು ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಇವೆರಡನ್ನೂ ಮನೆಯಲ್ಲಿ ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಜುಲೈ ತಿಂಗಳಿನಲ್ಲಿ, ಪ್ರಬಲ ಪೀಲ್ ಉತ್ಪನ್ನಗಳನ್ನು ತಜ್ಞರ ಮೇಲ್ವಿಚಾರಣೆಯಿಲ್ಲದೆ ಖರೀದಿಸಬಾರದು, ಬಳಸಬಾರದು ಎಂದು ಅಲ್ಲಿನ ಗ್ರಾಹಕರನ್ನು ಎಚ್ಚರಿಸಿತು.

ನಮ್ಮ ಮೈಬಣ್ಣ ಮತ್ತು ನಮ್ಮ ಬಿಸಿಲು

ಗೋಧಿ ಬಣ್ಣ ಮತ್ತು ಕಪ್ಪು ಬಣ್ಣದ ಚರ್ಮವು ಬಿಸಿಲಿನ ಹಾನಿಯನ್ನು ಬಿಳಿ ಚರ್ಮಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಅದೇ ಚರ್ಮ ಪ್ರತಿಯೊಂದು ಗಾಯಕ್ಕೂ ಉರಿಗೂ ಹೆಚ್ಚು ವರ್ಣದ್ರವ್ಯವನ್ನು ಸುರಿಸಿ ಉತ್ತರ ಕೊಡುತ್ತದೆ. ಮೊಡವೆಯ ಕಲೆ ಉಂಟಾದದ್ದೂ ಹೀಗೆಯೇ, ಪೀಲ್‌ನಿಂದ ಸುಟ್ಟ ಜಾಗ ಕಪ್ಪಾಗುವುದೂ ಹೀಗೆಯೇ. ಸಾಸಿವೆಯಷ್ಟಿದ್ದ ಕಲೆಯನ್ನು ತೆಗೆಯಲು ಹೋಗಿ ಅಂಗೈಯಗಲದ ಕಲೆಯನ್ನು ತಂದುಕೊಂಡಂತಾಗುತ್ತದೆ. ಪೀಲ್ ಬಳಸಿದ ನಂತರ ಚರ್ಮವು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವ ವಿಜಯಪುರ ಜಿಲ್ಲೆಯಲ್ಲಿ, ಅದೂ ಹೊಲಗೆಲಸ ಅಥವಾ ಸಂತೆ ವ್ಯಾಪಾರಕ್ಕಾಗಿ ದಿನವಿಡೀ ಹೊರಗಿರುವವರಿಗೆ, ಇದು ಸಣ್ಣ ಮಾತಲ್ಲ.

ನಿಂಬೆರಸದ ಬಗ್ಗೆ ವಿಶೇಷ ಸೂಚನೆ

ಇಂಡಿ, ಚಡಚಣ, ಸಿಂದಗಿ ಭಾಗದಲ್ಲಿ ನಿಂಬೆ ಬೆಳೆ ಹೇರಳವಾಗಿದೆ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಅಂಗಳದಲ್ಲಿಯೇ ಸಿಗುವ ಹಣ್ಣು ನಿರಪಾಯವೆಂದು ನಂಬಿ ಅದರ ರಸವನ್ನು ಕಡಲೆಹಿಟ್ಟಿನೊಡನೆ ಕಲಸಿ, ಇಲ್ಲವೇ ಹೋಳನ್ನೇ ಕಲೆಯ ಮೇಲೆ ಉಜ್ಜುವ ರೂಢಿ ಮನೆಮನೆಯಲ್ಲಿದೆ. ವಾಸ್ತವವಾಗಿ ನಿಂಬೆರಸದ ಪಿಎಚ್ 2ರಿಂದ 3ರ ಆಸುಪಾಸಿನಲ್ಲಿದ್ದು, ಮೇಲೆ ಹೇಳಿದ 3.5ರ ಮಿತಿಗಿಂತ ಅದು ಹೆಚ್ಚು ಹುಳಿ.

ಅದಕ್ಕಿಂತ ಮುಖ್ಯವಾದುದು ಸಿಪ್ಪೆಯ ಎಣ್ಣೆ. ಅದರಲ್ಲಿರುವ ಫ್ಯುರೊಕೂಮರಿನ್ ಎಂಬ ವಸ್ತುಗಳು ಚರ್ಮಕ್ಕೆ ಹತ್ತಿದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಹ ಗಾಯವಾಗುತ್ತದೆ. ಉರಿ ಕೂಡಲೇ ಕಾಣುವುದಿಲ್ಲ. ಸುಮಾರು ಒಂದು ದಿನದ ನಂತರ ಕೆಂಪಾಗಿ, ಎರಡು ಮೂರು ದಿನಗಳಲ್ಲಿ ಬೊಬ್ಬೆಯೆದ್ದು, ಆಮೇಲೆ ಕಪ್ಪು ಪಟ್ಟೆಯಾಗಿ ವಾರಗಳಿಂದ ತಿಂಗಳುಗಳವರೆಗೆ ಉಳಿಯುತ್ತದೆ. ಹಚ್ಚಿದ್ದಕ್ಕೂ ಕಪ್ಪಾದದ್ದಕ್ಕೂ ನಡುವೆ ಇಷ್ಟು ಅಂತರವಿರುವುದರಿಂದ ನಿಂಬೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಕಲೆ ಹೆಚ್ಚಿತೆಂದು ಮತ್ತೆ ನಿಂಬೆಯನ್ನೇ ಉಜ್ಜುತ್ತಾರೆ. ನಿಂಬೆ ಊಟದ ಎಲೆಗೆ ಸೇರಿದ್ದು, ಮುಖಕ್ಕಲ್ಲ. ಅಡುಗೆ ಸೋಡಾ ಮತ್ತು ಟೂತ್‌ಪೇಸ್ಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು

ಕಂದು ಕಲೆ ಮಾಸಲು ಅತ್ಯಂತ ಅಗತ್ಯವಾದವು ಮೊಡವೆಯನ್ನು ಹಿಚುಕದಿರುವುದು ಮತ್ತು ಬಿಸಿಲಿನಿಂದ ರಕ್ಷಣೆ. ಛತ್ರಿ, ತಲೆಯ ಮೇಲೆ ಸೆರಗು ಅಥವಾ ಟವೆಲ್, ಸಾಧ್ಯವಿದ್ದಲ್ಲಿ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬಳಸಬಹುದು. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುಗಳ ಉದ್ದದಷ್ಟು ಕ್ರೀಮು ಬೇಕು; ಚುಕ್ಕೆ ಇಟ್ಟಂತೆ ಹಚ್ಚಿದರೆ ಪ್ರಯೋಜನವಿಲ್ಲ. ಹೊಸ ಮೊಡವೆಗಳು ಏಳುತ್ತಲೇ ಇದ್ದರೆ ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು, ಇಲ್ಲವಾದರೆ ಹಳೆಯ ಕಲೆ ಮಾಸುವಷ್ಟರಲ್ಲಿ ಹೊಸದು ಬಂದಿರುತ್ತದೆ. ಅಜಿಲಾಯಿಕ್ ಆಮ್ಲ, ಅಡಾಪಲೀನ್ ಮುಂತಾದ ಲೇಪನಗಳು ಮೊಡವೆ ಮತ್ತು ಕಲೆ ಎರಡಕ್ಕೂ ಉಪಯುಕ್ತವಾಗಿದ್ದು, ವೈದ್ಯರು ಇವನ್ನು ಸೂಚಿಸುತ್ತಾರೆ. ಗರ್ಭಿಣಿಯರು ಅಡಾಪಲೀನ್ ಬಳಸಬಾರದು.

ಸೌಮ್ಯ ಆಮ್ಲದ ಉತ್ಪನ್ನವನ್ನು ಬಳಸಲು ನಿರ್ಧರಿಸಿದವರು ಮೊದಲು ಕಿವಿಯ ಹಿಂಭಾಗದಲ್ಲಿ ಹಚ್ಚಿ ಎರಡು ದಿನ ಕಾಯಬೇಕು. ಆರಂಭದಲ್ಲಿ ವಾರಕ್ಕೆ ಒಮ್ಮೆ, ರಾತ್ರಿಯ ವೇಳೆ ಮಾತ್ರ ಬಳಸುವುದು. ಎರಡು ಆಮ್ಲಗಳನ್ನು ಒಂದೇ ದಿನ ಹಚ್ಚಬಾರದು. ಮುಖದ ಮೇಲೆ ಗಾಯ ಅಥವಾ ತುಟಿಯ ಬಳಿ ಹರ್ಪಿಸ್ ಬೊಬ್ಬೆ ಇರುವವರು, ಇತ್ತೀಚೆಗೆ ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿದವರು, ಮೊಡವೆಗೆ ಐಸೋಟ್ರೆಟಿನಾಯಿನ್ ಗುಳಿಗೆ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಬಳಸಕೂಡದು. ಮದುವೆಯ ದಿನಕ್ಕೆ ಒಂದು ತಿಂಗಳಿಗಿಂತ ಕಡಿಮೆ ಇರುವಾಗ ಹಿಂದೆಂದೂ ಬಳಸದ ಯಾವುದನ್ನೂ ಹೊಸದಾಗಿ ಆರಂಭಿಸದಿರುವುದೇ ಲೇಸು.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಉತ್ಪನ್ನದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಹಾಗೂ ಬಳಕೆಯ ಕೊನೆಯ ದಿನಾಂಕ ಇರಬೇಕು. ಹೊರದೇಶದ ಉತ್ಪನ್ನವಾದಲ್ಲಿ ಆಮದು ನೋಂದಣಿ ಸಂಖ್ಯೆ ಮತ್ತು ಆಮದುದಾರರ ವಿಳಾಸ ಇರತಕ್ಕದ್ದು. ಇವಿಲ್ಲದ ಬಾಟಲಿಯಲ್ಲಿ ಏನಿದೆಯೆಂದು ಹೇಳುವವರು ಯಾರೂ ಇಲ್ಲ. ಸೌಂದರ್ಯವರ್ಧಕಗಳಿಗೆ ಪಾದರಸ ಸೇರಿಸುವುದನ್ನು ನಿಷೇಧಿಸಲಾಗಿದೆ.

ಪೀಲ್‌ನಿಂದ ಕೆಂಪಾದ ಮುಖಕ್ಕೆ ಔಷಧ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಕ್ರೀಮನ್ನು ತರುವವರಿದ್ದಾರೆ. ಮೊದಲ ಕೆಲವು ದಿನ ಮುಖ ನುಣುಪಾಗಿ, ಬೆಳ್ಳಗಾದಂತೆ ತೋರುತ್ತದೆ. ತಿಂಗಳುಗಟ್ಟಲೆ ಬಳಸಿದಾಗ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಅನಗತ್ಯ ರೋಮ ಬೆಳೆದು, ಮೊಡವೆಗಳು ಮೊದಲಿಗಿಂತ ಹೆಚ್ಚಾಗಿ ಮರಳುತ್ತವೆ. ನಿಲ್ಲಿಸಿದರೆ ಮುಖ ಉರಿಯುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಇಂತಹ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಅಧಿಸೂಚನೆ ಹೊರಡಿಸಿದೆ.

ಚರ್ಮ ಸುಟ್ಟ ಸಂದರ್ಭದಲ್ಲಿ

ತಣ್ಣೀರನ್ನು ಕನಿಷ್ಠ 20 ನಿಮಿಷ ಎಡೆಬಿಡದೆ ಹರಿಸಬೇಕು. ನಲ್ಲಿ ಇಲ್ಲದಿದ್ದಲ್ಲಿ ಕೊಡದಿಂದ ತಂಬಿಗೆಯಲ್ಲಿ ಸುರಿಯುತ್ತಿರಬಹುದು. ತುಪ್ಪ, ಅರಿಶಿನ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು. ಬೊಬ್ಬೆಯನ್ನು ಒಡೆಯಬಾರದು, ಏಳುತ್ತಿರುವ ಸಿಪ್ಪೆಯನ್ನು ಕೀಳಬಾರದು. ಕಣ್ಣಿಗೆ ತಗುಲಿದ್ದರೆ ರೆಪ್ಪೆ ಬಿಡಿಸಿ ನೀರು ಹರಿಸುತ್ತಲೇ 108 ಸಂಖ್ಯೆಗೆ ಕರೆ ಮಾಡುವುದು. ಆಸ್ಪತ್ರೆಗೆ ಬರುವಾಗ ಬಾಟಲಿಯನ್ನೂ ಜೊತೆಗೆ ತರಬೇಕು. ನಾಚಿಕೆಯಿಂದ ಮನೆಯವರಿಗೂ ಹೇಳದೆ ಮುಖ ಮುಚ್ಚಿಕೊಂಡು ದಿನ ಕಳೆಯುವವರಿದ್ದಾರೆ. ಆ ದಿನಗಳಲ್ಲಿಯೇ ಕಲೆ ಆಳಕ್ಕಿಳಿಯುತ್ತದೆ.

ಸೇವೆ ಪಡೆಯುವ ವಿಧಾನ

ಚಡಚಣ ತಾಲ್ಲೂಕಿನ ನಾಗರಿಕರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಚಡಚಣದ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಚರ್ಮರೋಗ ತಜ್ಞರ ಅಗತ್ಯವಿದ್ದಲ್ಲಿ ವೈದ್ಯಾಧಿಕಾರಿಗಳು ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಚೀಟಿ ನೀಡುತ್ತಾರೆ. 10ರಿಂದ 19 ವರ್ಷದವರು ಸರ್ಕಾರಿ ಆಸ್ಪತ್ರೆಗಳಲ್ಲಿನ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚನೆ ಪಡೆಯಬಹುದಾಗಿದ್ದು, ಅಲ್ಲಿ ಹೇಳಿದ ವಿಷಯವನ್ನು ಗೋಪ್ಯವಾಗಿಡಲಾಗುತ್ತದೆ. ಪ್ರಯಾಣ ಮಾಡಲಾಗದವರು ಇ-ಸಂಜೀವಿನಿ ದೂರ ಸಮಾಲೋಚನೆಯ ಮೂಲಕವೂ ವೈದ್ಯರನ್ನು ಸಂಪರ್ಕಿಸಬಹುದು. ಸಾಮಾನ್ಯ ಮಾಹಿತಿಗೆ ಆರೋಗ್ಯ ಸಹಾಯವಾಣಿ 104.

ಕೇವಲ ಸೌಂದರ್ಯದ ಉದ್ದೇಶದಿಂದ ಮಾಡಿಸಿಕೊಳ್ಳುವ ಚಿಕಿತ್ಸೆಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲವೆಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಖಾಸಗಿ ಕ್ಲಿನಿಕ್‌ನಲ್ಲಿ ಪೀಲ್ ಮಾಡಿಸಿಕೊಳ್ಳುವವರು, ಆ ಸಂಸ್ಥೆಯು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯಾಗಿದೆಯೇ ಎಂಬುದನ್ನು ಅಲ್ಲಿ ಪ್ರದರ್ಶಿಸಿರುವ ಪ್ರಮಾಣಪತ್ರದಿಂದ ಖಚಿತಪಡಿಸಿಕೊಳ್ಳಬೇಕು.

ದೋಷಪೂರಿತ ಉತ್ಪನ್ನದಿಂದ ಹಾನಿಯಾದವರು ಜಿಲ್ಲಾ ಕೇಂದ್ರದಲ್ಲಿರುವ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪರಿಹಾರ ಕೋರುವವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಎರಡು ವರ್ಷಗಳೊಳಗಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದ್ದು, ಪಾವತಿಸಿದ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದ ಪ್ರಕರಣಗಳಿಗೆ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ಖರೀದಿಯ ರಶೀದಿ, ಬಾಟಲಿ ಅಥವಾ ಅದರ ಹೊದಿಕೆಯ ಛಾಯಾಚಿತ್ರ, ಹಾನಿಯಾದ ಭಾಗದ ದಿನಾಂಕ ಸಹಿತ ಛಾಯಾಚಿತ್ರ ಮತ್ತು ಚಿಕಿತ್ಸೆ ನೀಡಿದ ವೈದ್ಯರ ಚೀಟಿಗಳ ಪ್ರತಿಗಳನ್ನು ಲಗತ್ತಿಸಬೇಕು.