ಕತ್ತಲ ಪೆಟ್ಟಿಗೆಯಲ್ಲಿ ಬೆಳಕಿನ ಎಣಿಕೆ

ಹುಲಗೂರಿನ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋಗುವ ಮುಂಚೆ ಅವ್ವ ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದಳು. ಬಿಳಿಚಿದ ಒಂದೇ ಕಾಯಿ ಇಡೀ ಚೀಲದ ದರ ಇಳಿಸುತ್ತದೆ ಅನ್ನುತ್ತಿದ್ದಳು. ಮುಂಬೈಯ ಪ್ರಯೋಗಾಲಯದಲ್ಲಿ ನಾನೀಗ ಮಾಡುವುದೂ ಆರಿಸುವ ಕೆಲಸವೇ. ಸರಕು ಬೇರೆ: ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಎಂಬ ಬೆಳಕಿನ ಸಂವೇದಕ.

ಎಳ್ಳುಕಾಳಿನಷ್ಟು ಚಿಕ್ಕದು, 2 ಮಿ.ಮೀ. ಚೌಕ. ಅದರೊಳಗೆ ಸಾವಿರಕ್ಕೂ ಹೆಚ್ಚು ಕೋಣೆಗಳು. ಬೆಳಕಿನ ಒಂದೇ ಕಣ, ಅಂದರೆ ಒಂದೇ ಫೋಟಾನು, ಕೋಣೆಗೆ ಬಿದ್ದರೆ ಲಕ್ಷಗಟ್ಟಲೆ ಎಲೆಕ್ಟ್ರಾನುಗಳ ಪ್ರವಾಹ ಹರಿಯುತ್ತದೆ. ಎಷ್ಟು ಕೋಣೆ ಸಿಡಿದವೋ ಸುಮಾರು ಅಷ್ಟು ಫೋಟಾನು ಪತ್ತೆಯಾದಂತೆ. ಇದೇ ಕೆಲಸ ಮಾಡುತ್ತಿದ್ದ ಹಳೆಯ ಗಾಜಿನ ಕೊಳವೆಗಳಿಗೆ ಸಾವಿರ ವೋಲ್ಟಿನಷ್ಟು ಬೇಕಿತ್ತು. ಇದಕ್ಕೆ 55ರ ಆಸುಪಾಸು ಸಾಕು.

ಇಷ್ಟು ಸೂಕ್ಷ್ಮ ಕಣ್ಣು ಯಾಕೆ ಬೇಕು? ಆಕಾಶದಿಂದ ಮ್ಯೂವಾನು ಎಂಬ ಕಣಗಳ ಮಳೆ ಸುರಿಯುತ್ತಲೇ ಇರುತ್ತದೆ, ಉಗುರಗಲ ಜಾಗಕ್ಕೆ ನಿಮಿಷಕ್ಕೆ ಸುಮಾರು ಒಂದು. ಆ ಗದ್ದಲದಲ್ಲಿ ನಾವು ಹುಡುಕುವ ನ್ಯೂಟ್ರಿನೊ ಎಂಬ ಕಣ ಕಾಣುವುದಿಲ್ಲ. ಅದಕ್ಕೇ 1965ರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರೂ ಇದ್ದ ತಂಡ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದು ವಾತಾವರಣದ ನ್ಯೂಟ್ರಿನೊಗಳನ್ನು ಹಿಡಿಯಿತು. ನಂಗೆ ಆ ಇಳಿತ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮದುರೆಯಲ್ಲಿ 85 ಟನ್ನಿನ ಮಾದರಿ ನ್ಯೂಟ್ರಿನೊ ಶೋಧಕದ ಸುತ್ತ ಈಗಿನ ಪ್ರಶ್ನೆ ಬೇರೆ: ಮೇಲೆ ತಡೆಯುವ ಬಂಡೆ ಕಡಿಮೆಯಾದರೂ ಬಂದ ಮ್ಯೂವಾನನ್ನೆಲ್ಲ ಗುರುತಿಸಿ ಲೆಕ್ಕದಿಂದ ಹೊಡೆದುಹಾಕಬಹುದೆ? ಹತ್ತು ಸಾವಿರದಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳಬಾರದು. ಶೋಧಕಕ್ಕೆ ಹೊದಿಸುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಮ್ಯೂವಾನು ಹಾದಾಗ ಮಿನುಗುವ ಬೆಳಕನ್ನು ಎಳೆಯೊಂದು ಪಟ್ಟಿಯ ಎರಡೂ ತುದಿಗೆ ತರುತ್ತದೆ. ಒಂದೊಂದು ತುದಿಯಲ್ಲೂ ಕಾದಿರುವುದು ಈ ಎಳ್ಳುಕಾಳು. ಮಂಕಾದರೆ ಮ್ಯೂವಾನು ನುಸುಳುತ್ತದೆ. ಗದ್ದಲದ್ದಾದರೆ ನಿಜವಾದ ನ್ಯೂಟ್ರಿನೊ ಕುರುಹನ್ನೂ ಎಸೆದುಬಿಡುತ್ತೇವೆ.

ಹೀಗಾಗಿ ಒಂದೊಂದನ್ನೂ ಕಪ್ಪು ಪೆಟ್ಟಿಗೆಯಲ್ಲಿಟ್ಟು, ಸಂದಿಗೆಲ್ಲ ಕಪ್ಪು ಟೇಪು ಹಚ್ಚಿ, ಎಲ್‌ಇಡಿಯಿಂದ ಕ್ಷಣಾರ್ಧದ ಮಿಣುಕು ಕೊಡುತ್ತೇನೆ. ಪರದೆಯ ಮೇಲೆ ಶಿಖರಗಳು ಏಳುತ್ತವೆ: ಸೊನ್ನೆ ಫೋಟಾನು, ಒಂದು, ಎರಡು, ಮೂರು. ಕೂರಿಗೆ ಹಾಕಿದ ಸಾಲಿನಂತೆ ಸಮ ಅಂತರ. ಆ ಅಂತರವೇ ಸಂವೇದಕದ ವರ್ಧನೆಯ ಅಳತೆ. ವೋಲ್ಟೇಜು ಹೆಚ್ಚಿಸಿದಂತೆ ಅಂತರ ನೇರ ಗೆರೆಯಲ್ಲಿ ಬೆಳೆಯುತ್ತದೆ. ಗೆರೆಯನ್ನು ಸೊನ್ನೆಯವರೆಗೆ ಹಿಂದಕ್ಕೆ ಎಳೆದರೆ ಸಂವೇದಕ ಎಚ್ಚರಗೊಳ್ಳುವ ವೋಲ್ಟೇಜು ಸಿಗುತ್ತದೆ. ಅದು ಹತ್ತಿರ ಹತ್ತಿರ ಇರುವವನ್ನು ಒಂದೇ ಗುಂಪಿಗೆ ಹಾಕಿದರೆ ಒಂದೇ ವಿದ್ಯುತ್ ತಂತಿ ಎಲ್ಲಕ್ಕೂ ಹೊಂದುತ್ತದೆ.

ಕತ್ತಲಲ್ಲೂ ಸಂವೇದಕ ಸುಮ್ಮನಿರುವುದಿಲ್ಲ. ಸುತ್ತಲಿನ ಶಾಖವೇ ಎಲೆಕ್ಟ್ರಾನನ್ನು ಕೆಣಕಿ, ಬೆಳಕಿಲ್ಲದೆಯೇ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಸುಳ್ಳು ಮಿಡಿತ ಹುಟ್ಟಿಸುತ್ತದೆ. ಬಹುಪಾಲು ಒಂದೇ ಫೋಟಾನಿನಷ್ಟು, ಅದಕ್ಕೇ ಹೊಸ್ತಿಲನ್ನು ಎತ್ತರಕ್ಕಿಟ್ಟು ಎರಡೂ ತುದಿ ಒಟ್ಟಿಗೆ ಹೇಳಿದ್ದನ್ನೇ ನಂಬುತ್ತೇವೆ. ಒಂದು ಡಿಗ್ರಿ ಏರಿದರೂ ಎಚ್ಚರದ ವೋಲ್ಟೇಜು 50 ಮಿಲಿವೋಲ್ಟಿನಷ್ಟು ಸರಿಯುತ್ತದೆ. ಒಮ್ಮೆ ನಡುರಾತ್ರಿ ಎ.ಸಿ. ನಿಂತು ಹೋಗಿತ್ತು. ಬೆಳಗ್ಗೆ ನೋಡಿದರೆ ಸಂವೇದಕಗಳೆಲ್ಲ ಕೆಟ್ಟಂತೆ ಶಿಖರಗಳು ಜಾಗ ಬಿಟ್ಟು ಸರಿದಿದ್ದವು. ಆ ರಾತ್ರಿಯ ಅಳತೆ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಥರ್ಮಾಮೀಟರು ಪೆಟ್ಟಿಗೆಯೊಳಗೇ ಅಂಟಿಸಿ, ಸಂವೇದಕಗಳ ಮೊದಲ ತಟ್ಟೆಯ ಮೊದಲನೆಯದರಿಂದ ಮತ್ತೆ ಶುರು ಮಾಡಿದೆ.